ಫೋನಿನಲ್ಲಿ ಕಾರ್ಡ್ ನಂಬರ್ ಕೇಳುವವರಿಂದ ಎಚ್ಚರ!



ಈ ಸಂಚಿಕೆಯಲ್ಲಿ ನಾನು ಫೋನಿನ ಮೂಲಕ ನಡೆಯುವ ಕಾರ್ಡ್ ಮೋಸದ ಬಗ್ಗೆ ಬರೆಯುತ್ತಿದ್ದೇನೆ. ಇದು ಎಲ್ಲರೂ ತಿಳಿದಿರಬೇಕಾದ ವಿಷಯ. "ನಮ್ಮ ಮನೇಲಿ ಕ್ರೆಡಿಟ್ ಕಾರ್ಡೇ ಇಲ್ಲ, ನಮಗ್ಯಾಕೆ ಇದು?" ಅಂತ ನೀವು ಕೇಳಬಹುದು. ಸ್ವಲ್ಪ ಯೋಚನೆ ಮಾಡಿ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾಯಿತು. ಅದರಲ್ಲಿ ಖಾತೆ ತೆರೆದವರಿಗೆ ರುಪೇ ಡೆಬಿಟ್ ಕಾರ್ಡ್ ಕೊಡುತ್ತಾರೆ. ಬೆಳೆಸಾಲ ತೆಗೆದುಕೊಳ್ಳುವ ರೈತರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಆದ್ದರಿಂದ ಹಳ್ಳಿಯ ಮನೆಗಳಲ್ಲೂ ಪಾಸ್‌ಬುಕ್ಕಿನ ಕವರಿನಲ್ಲೋ, ಟ್ರಂಕಿನ ತಳದಲ್ಲೋ ಒಂದು ಕಾರ್ಡ್ ಇದ್ದೇ ಇರುತ್ತದೆ.

ಇನ್ನೊಂದು ದೊಡ್ಡ ಕಾರಣ ಇದೆ. ಅಜ್ಜ ಅಜ್ಜಿಯರ ಫೋನಿಗೆ ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿ ಬಂದರೆ ಅದನ್ನು ಓದಿ ಹೇಳುವವರು ಯಾರು? ನಾವೇ ಅಲ್ಲವೇ! ಮೋಸಗಾರನಿಗೂ ಇದು ಗೊತ್ತು. "ಮನೇಲಿ ಓದೋಕೆ ಬರೋ ಮಕ್ಕಳಿದ್ರೆ ಫೋನ್ ಕೊಡಿ" ಅನ್ನುತ್ತಾನೆ. ಆಗ ಮನೆಯ ಹಣ ಉಳಿಯುವುದೂ ಹೋಗುವುದೂ ನಮ್ಮ ಬಾಯಿಯ ಮೇಲೆ ನಿಂತಿರುತ್ತದೆ. ಅದಕ್ಕೇ ಈ ಪಾಠ ದೊಡ್ಡವರಿಗಿಂತ ಮೊದಲು ನಮಗೆ ಬೇಕು.

ಕಾರ್ಡಿನ ಮೇಲೆ ಏನೇನು ಇರುತ್ತದೆ?

ಮೊದಲು ಎರಡು ಹೆಸರುಗಳನ್ನು ತಿಳಿದುಕೊಳ್ಳೋಣ. ಡೆಬಿಟ್ ಕಾರ್ಡನ್ನು ಜನ ಎಟಿಎಂ ಕಾರ್ಡ್ ಅಂತ ಕರೆಯುತ್ತಾರೆ. ಅದನ್ನು ಬಳಸಿದರೆ ನಮ್ಮ ಖಾತೆಯಲ್ಲಿರುವ ನಮ್ಮದೇ ಹಣ ಖರ್ಚಾಗುತ್ತದೆ. ಕ್ರೆಡಿಟ್ ಕಾರ್ಡ್ ಬಳಸಿದರೆ ಬ್ಯಾಂಕು ಕೊಡುವ ಸಾಲ ಖರ್ಚಾಗುತ್ತದೆ. ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ. ಡೆಬಿಟ್ ಕಾರ್ಡಿನಲ್ಲಿ ಮೋಸವಾದರೆ ಕೂಡಿಟ್ಟ ಹಣ ಹೋಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ನಾವು ಮುಟ್ಟದೇ ಇರುವ ಸಾಲ ನಮ್ಮ ತಲೆಯ ಮೇಲೆ ಬರುತ್ತದೆ.

ಕಾರ್ಡಿಗೆ ಸಂಬಂಧಪಟ್ಟ ಅಂಕಿಗಳು ಇವು:

1) ಕಾರ್ಡ್ ನಂಬರ್. ಸಾಮಾನ್ಯವಾಗಿ 16 ಅಂಕಿ. ವೀಸಾ ಕಾರ್ಡ್ 4ರಿಂದ ಶುರುವಾಗುತ್ತದೆ. ರುಪೇ ಕಾರ್ಡುಗಳು ಹೆಚ್ಚಾಗಿ 6ರಿಂದ ಶುರುವಾಗುತ್ತವೆ.
2) ಮುಗಿಯುವ ತಿಂಗಳು ಮತ್ತು ವರ್ಷ.
3) ಸಿವಿವಿ. ಇದು 3 ಅಂಕಿ, ಸಾಮಾನ್ಯವಾಗಿ ಕಾರ್ಡಿನ ಹಿಂದೆ ಇರುತ್ತದೆ.
4) ಪಿನ್. ಸಾಮಾನ್ಯವಾಗಿ 4 ಅಂಕಿ. ಇದು ಕಾರ್ಡಿನ ಮೇಲೆ ಇರುವುದಿಲ್ಲ, ಯಜಮಾನರ ತಲೆಯಲ್ಲಿ ಮಾತ್ರ ಇರಬೇಕು.
5) ಒಟಿಪಿ. ಇದು ಒಂದೇ ಸಲಕ್ಕೆ ನಡೆಯುವ ಗುಟ್ಟಿನ ಸಂಖ್ಯೆ. ಫೋನಿಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ರದ್ದಾಗುತ್ತದೆ.

ಬೀಗ ಎಷ್ಟು ಗಟ್ಟಿ? ಲೆಕ್ಕ ಮಾಡೋಣ

ಇದು ನಮ್ಮ ಗಣಿತದ ಪಾಠದಂತೆಯೇ. ಒಂದು ಸ್ಥಾನದಲ್ಲಿ 0ಯಿಂದ 9ರವರೆಗೆ 10 ಅಂಕಿ ಬರಬಹುದು. ಮೂರು ಸ್ಥಾನದ ಸಿವಿವಿ 10 x 10 x 10 = 1,000 ರೀತಿ ಇರಬಹುದು. ನಾಲ್ಕು ಸ್ಥಾನದ ಪಿನ್ 10,000 ರೀತಿ. ಆರು ಅಂಕಿಯ ಒಟಿಪಿ 10,00,000 ರೀತಿ, ಅಂದರೆ ಹತ್ತು ಲಕ್ಷ! ಕೆಲವು ಸಲ ತಪ್ಪು ಒತ್ತಿದರೆ ಬ್ಯಾಂಕು ಅದನ್ನು ತಡೆದುಬಿಡುತ್ತದೆ. ಹತ್ತು ಲಕ್ಷದಲ್ಲಿ ಸರಿಯಾದ ಒಂದನ್ನು ಮೂರೇ ಸಲದಲ್ಲಿ ಊಹಿಸಲು ಆಗುತ್ತದೆಯೇ? ಗೋಣಿಚೀಲದ ರಾಗಿಯಲ್ಲಿ ಒಂದು ಗುರುತಿನ ಕಾಳನ್ನು ಕಣ್ಣು ಮುಚ್ಚಿ ಹುಡುಕಿದ ಹಾಗೆ.

ಬೀಗ ಗಟ್ಟಿಯಾಗಿದೆ ಅಂತ ಕಳ್ಳನಿಗೂ ಗೊತ್ತು. ಅದಕ್ಕೇ ಅವನು ಬೀಗ ಒಡೆಯಲು ಹೋಗದೆ, ಬೀಗದ ಕೈ ಯಾರ ಹತ್ತಿರ ಇದೆಯೋ ಅವರನ್ನೇ ಕೇಳುತ್ತಾನೆ. ಫೋನ್ ಮೋಸ ಅಂದರೆ ಇಷ್ಟೇ. ಕೇಳಿಸಿಕೊಂಡವರು ಹೇಳದೇ ಇದ್ದರೆ ಅವನ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಈ ಬೀಗವನ್ನು ಹಾಕಿಸಿದ್ದು ರಿಸರ್ವ್ ಬ್ಯಾಂಕ್. ಮುಂಚೆ ಕಾರ್ಡ್ ನಂಬರ್, ತಿಂಗಳು, ವರ್ಷ ತಿಳಿದರೆ ಸಾಕು, ದೂರದಲ್ಲಿ ಕೂತು ಸಾಮಾನು ಕೊಳ್ಳಬಹುದಿತ್ತು. 2009ರ ಆಗಸ್ಟ್‌ನಿಂದ ಇಂಟರ್‌ನೆಟ್ಟಿನಲ್ಲಿ ಕಾರ್ಡ್ ಬಳಸಿದರೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುಟ್ಟೂ ಬೇಕು ಎಂದು ನಿಯಮ ಬಂತು. 2011ರಲ್ಲಿ ಫೋನಿನ ಯಂತ್ರದ ದನಿಗೆ ಅಂಕಿ ಒತ್ತಿ ಹಣ ಕಟ್ಟುವುದಕ್ಕೂ ಇದೇ ನಿಯಮ ಬಂತು. ಆದರೆ ಹೊರದೇಶದ ಕೆಲವು ಅಂಗಡಿಗಳಲ್ಲಿ ಒಟಿಪಿ ಇಲ್ಲದೆಯೇ ವ್ಯಾಪಾರ ನಡೆಯಬಹುದು. ಆದ್ದರಿಂದ ನಂಬರನ್ನೂ ಸಿವಿವಿಯನ್ನೂ "ಒಟಿಪಿ ಹೇಳಿಲ್ಲವಲ್ಲ, ಏನೂ ಆಗಲ್ಲ" ಅಂತ ಹೇಳಿಬಿಡಬಾರದು.

ಮೋಸಗಾರ ಹೇಗೆ ಮಾತಾಡುತ್ತಾನೆ?

ಉದಾಹರಣೆಗೆ ಒಂದು ಸಂಭಾಷಣೆ ಬರೆದಿದ್ದೇನೆ. ಇದು ಪಾಠಕ್ಕಾಗಿ ಕಟ್ಟಿದ್ದು.

ಫೋನ್: ನಮಸ್ಕಾರ ಯಜಮಾನ್ರೇ, ಬ್ಯಾಂಕಿನ ಹೆಡ್ ಆಫೀಸಿಂದ ಮ್ಯಾನೇಜರ್ ಮಾತಾಡ್ತಿದೀನಿ. ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗ್ತಾ ಇದೆ.
ಅಜ್ಜ: ಅಯ್ಯೋ, ಯಾಕೆ ಸ್ವಾಮಿ?
ಫೋನ್: ಕೆವೈಸಿ ಆಗಿಲ್ಲ. ಇವತ್ತು ಸಂಜೆಯೊಳಗೆ ಮಾಡದಿದ್ರೆ ಪೆನ್ಷನ್ ನಿಂತುಹೋಗತ್ತೆ. ಕಾರ್ಡ್ ತಗೊಂಡು ಬನ್ನಿ, ಫೋನ್ ಇಡಬೇಡಿ.
ಅಜ್ಜ: ಬ್ಯಾಂಕಿಗೆ ಬರ್ತೀನಿ ತಡೀರಿ.
ಫೋನ್: ಬ್ಯಾಂಕಿಗೆ ಬರೋದು ಬೇಡ ಯಜಮಾನ್ರೇ, ಇಲ್ಲೇ ಮಾಡಿಕೊಡ್ತೀನಿ. ಹಿಂದಿರೋ ಮೂರು ನಂಬರ್ ಹೇಳಿ. ಈಗ ಒಂದು ಮೆಸೇಜ್ ಬರತ್ತೆ, ಅದನ್ನ ಮೊಮ್ಮಗನ ಹತ್ರ ಓದಿಸಿ.

ಈ ಮಾತಿನಲ್ಲಿ ನಾಲ್ಕು ಗುರುತುಗಳಿವೆ. ಒಂದು, ಹೆದರಿಕೆ: ಕಾರ್ಡ್ ಬ್ಲಾಕ್, ಪೆನ್ಷನ್ ಬಂದ್. ಎರಡು, ಅವಸರ: ಇವತ್ತೇ, ಈಗಲೇ. ಮೂರು, ಒಂಟಿ ಮಾಡುವುದು: ಫೋನ್ ಇಡಬೇಡಿ, ಬ್ಯಾಂಕಿಗೆ ಬರಬೇಡಿ. ನಾಲ್ಕು, ಗುಟ್ಟಿನ ಸಂಖ್ಯೆ ಕೇಳುವುದು. ಕೆಲವು ಸಲ ಹೆದರಿಕೆಯ ಬದಲು ಆಸೆ ತೋರಿಸುತ್ತಾರೆ. ಲಾಟರಿ ಬಂದಿದೆ, ಬಹುಮಾನ ಬಂದಿದೆ, ಸಾಲ ಮನ್ನಾ ಆಗಿದೆ ಅನ್ನುತ್ತಾರೆ. ಹೆದರಿಕೆಯಾಗಲಿ ಆಸೆಯಾಗಲಿ, ಕೆಲಸ ಒಂದೇ: ನಮಗೆ ಯೋಚಿಸಲು ಸಮಯ ಸಿಗಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ಇಲ್ಲಿ ನೆನಪಾಗಬೇಕು.

"ಅವನಿಗೆ ನಮ್ಮ ಕಾರ್ಡ್ ನಂಬರ್ ಮೊದಲೇ ಗೊತ್ತಿತ್ತಲ್ಲ!"

ಬಹಳ ಜನ ನಂಬುವುದು ಇದರಿಂದಲೇ. ಮೋಸಗಾರ ತಾನೇ ಮೊದಲ ಕೆಲವು ಅಂಕಿ ಓದಿ ಹೇಳುತ್ತಾನೆ. ಕಾರ್ಡ್ ನೋಡಿದರೆ ಸರಿಯಾಗಿರುತ್ತದೆ! ಆದರೆ ಮೊದಲ ಅಂಕಿಗಳು ಬ್ಯಾಂಕನ್ನೂ ಕಾರ್ಡಿನ ಜಾತಿಯನ್ನೂ ತೋರಿಸುವ ಗುರುತು. ಒಂದೇ ಬ್ಯಾಂಕಿನ ಒಂದೇ ಬಗೆಯ ಸಾವಿರಾರು ಕಾರ್ಡುಗಳಲ್ಲಿ ಅವು ಒಂದೇ ಇರುತ್ತವೆ. ಅದನ್ನು ಹೇಳಿದವನಿಗೆ ನಿಮ್ಮ ಪರಿಚಯ ಇದೆ ಅಂತ ಅರ್ಥವಲ್ಲ. ಪಿನ್‌ಕೋಡ್ ಹೇಳಿದವನೆಲ್ಲ ನಮ್ಮ ಊರಿನವನಾಗುತ್ತಾನೆಯೇ?

ಕೊನೆಯ ಅಂಕಿಯೂ ಗುಟ್ಟಲ್ಲ. ಅದು ಒಂದು ಲೆಕ್ಕದಿಂದ ಬರುತ್ತದೆ. ಅಮೆರಿಕದ ಐಬಿಎಂ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬುವರು ಕಂಡುಹಿಡಿದ ಈ ಲೆಕ್ಕಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. ಚಿಕ್ಕ ಉದಾಹರಣೆಯಾಗಿ 45721867 ಎಂಬ 8 ಅಂಕಿಯ ಸಂಖ್ಯೆ ತೆಗೆದುಕೊಳ್ಳೋಣ. ಎಡದಿಂದ 1, 3, 5, 7ನೇ ಸ್ಥಾನದ ಅಂಕಿಗಳನ್ನು ಎರಡರಿಂದ ಗುಣಿಸಿ. ಉತ್ತರ 9ಕ್ಕಿಂತ ಹೆಚ್ಚಾದರೆ ಅದರ ಎರಡು ಅಂಕಿಗಳನ್ನು ಕೂಡಿಸಿ.

4 x 2 = 8
7 x 2 = 14, 1 + 4 = 5
1 x 2 = 2
6 x 2 = 12, 1 + 2 = 3
ಇವುಗಳ ಮೊತ್ತ 18.
ಉಳಿದ ಅಂಕಿಗಳು 5 + 2 + 8 + 7 = 22.
ಒಟ್ಟು 18 + 22 = 40.

ಒಟ್ಟು ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾದರೆ ಸಂಖ್ಯೆ ಸರಿ. ಈಗ 8 ಮತ್ತು 6ನ್ನು ಜಾಗ ಬದಲಿಸಿ 45721687 ಅಂತ ಬರೆದು ಲೆಕ್ಕ ಮಾಡಿ. 42 ಬರುತ್ತದೆ, ಅಂದರೆ ತಪ್ಪು. ಅಂಕಿ ಬರೆಯುವಾಗ ಆಗುವ ತಪ್ಪು ಹಿಡಿಯಲು ಈ ಲೆಕ್ಕ ಬಹಳ ಉಪಯೋಗ. ಆದರೆ ಇದು ಕಳ್ಳನನ್ನು ಹಿಡಿಯುವುದಿಲ್ಲ, ಯಾಕಂದ್ರೆ ಲೆಕ್ಕ ಎಲ್ಲರಿಗೂ ತಿಳಿದಿರುವಂಥದ್ದು. ಆದ್ದರಿಂದ "ನಂಬರ್ ಸರಿಯಾಗಿ ಹೇಳಿದ" ಎನ್ನುವುದು ನಂಬಲು ಕಾರಣವಲ್ಲ. ಬೇರೆ ಎಲ್ಲೋ ಸೋರಿದ ಪಟ್ಟಿಯಿಂದ ಅವನಿಗೆ ನಮ್ಮ ಹೆಸರು, ಹುಟ್ಟಿದ ತಾರೀಕು ಕೂಡ ಸಿಕ್ಕಿರಬಹುದು.

ಮೋಸದ ಬೇರೆ ಬೇರೆ ವೇಷಗಳು

ಹಗಲುವೇಷದವರ ಹಾಗೆ ಇವರೂ ದಿನಕ್ಕೊಂದು ವೇಷ ಹಾಕುತ್ತಾರೆ.

* ಪರದೆ ತೋರಿಸುವ ಆಪ್: "ಸಹಾಯ ಮಾಡ್ತೀವಿ, ಈ ಆಪ್ ಹಾಕಿಕೊಳ್ಳಿ" ಅನ್ನುತ್ತಾರೆ. ಹಾಕಿದರೆ ನಮ್ಮ ಫೋನಿನ ಪರದೆ ಅವರಿಗೆ ಕಾಣುತ್ತದೆ. ಒಟಿಪಿಯನ್ನು ನಾವು ಹೇಳಬೇಕಾಗಿಯೇ ಇಲ್ಲ, ಅವರೇ ಓದಿಕೊಳ್ಳುತ್ತಾರೆ. 2019ರಲ್ಲೇ ರಿಸರ್ವ್ ಬ್ಯಾಂಕ್ ಇಂಥ ಆಪ್‌ಗಳ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು.
* ಸುಳ್ಳು ಸಹಾಯವಾಣಿ: ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಸಿಗುವ ನಂಬರ್ ಬ್ಯಾಂಕಿನದೇ ಆಗಿರಬೇಕೆಂದಿಲ್ಲ. ಕಳ್ಳರೇ ತಮ್ಮ ನಂಬರನ್ನು ಅಲ್ಲಿ ಹಾಕಿರಬಹುದು.
* "ಹಣ ಬರತ್ತೆ, ಪಿನ್ ಒತ್ತಿ": ಇದು ಶುದ್ಧ ಸುಳ್ಳು. ಹಣ ಪಡೆಯಲು ಪಿನ್ ಬೇಡವೇ ಬೇಡ. ಯುಪಿಐ ಪಿನ್ ಒತ್ತಿದರೆ ಹಣ ಹೋಗುತ್ತದೆ.
* ನಕ್ಷತ್ರದ ನಂಬರ್: ನಕ್ಷತ್ರದ ಗುರುತು, ಕೆಲವು ಅಂಕಿ, ಆಮೇಲೆ ಒಂದು ಮೊಬೈಲ್ ನಂಬರ್ ಒತ್ತಲು ಹೇಳಬಹುದು. ಹಾಗೆ ಒತ್ತಿದರೆ ನಮಗೆ ಬರುವ ಕರೆಗಳು ಅವರ ಫೋನಿಗೆ ಹೋಗುವಂತೆ ಆಗಬಹುದು. ಆಗ ಒಟಿಪಿಯನ್ನು ಕರೆ ಮಾಡಿ ಹೇಳುವ ವ್ಯವಸ್ಥೆಯೂ ಅವರ ಕೈಗೆ ಸಿಗುತ್ತದೆ.
* ಎರಡನೇ ಮೋಸ: ಹಣ ಕಳೆದುಕೊಂಡವರಿಗೆ "ನಾವು ಪೊಲೀಸರು, ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೀಸು ಕಟ್ಟಿ" ಅಂತ ಮತ್ತೆ ಫೋನ್ ಬರಬಹುದು. ಗಾಯದ ಮೇಲೆ ಬರೆ ಎಳೆದ ಹಾಗೆ.

ಮೆಸೇಜು ಓದುವ ನಾವು ತಿಳಿಯಬೇಕಾದ ಇಂಗ್ಲಿಷ್ ಪದಗಳು

ಬ್ಯಾಂಕಿನ ಮೆಸೇಜನ್ನು ಪೂರ್ತಿ ಓದಬೇಕು. ಅಂಕಿ ಮಾತ್ರ ಓದಿ ಹೇಳುವುದೇ ಅಪಾಯ.

ಡೆಬಿಟೆಡ್ = ಖಾತೆಯಿಂದ ಹಣ ಹೋಯಿತು.
ಕ್ರೆಡಿಟೆಡ್ = ಖಾತೆಗೆ ಹಣ ಬಂತು.
ಪೇಮೆಂಟ್, ಟ್ರಾನ್ಸಾಕ್ಷನ್ = ಹಣದ ವ್ಯವಹಾರ.
ರಿಕ್ವೆಸ್ಟ್ = ಯಾರೋ ನಮ್ಮಿಂದ ಹಣ ಕೇಳುತ್ತಿದ್ದಾರೆ.
ಡು ನಾಟ್ ಶೇರ್ = ಯಾರಿಗೂ ಹೇಳಬೇಡಿ.

ಹಣ ಕಟ್ಟುವ ಒಟಿಪಿ ಮೆಸೇಜಿನಲ್ಲಿ ಸಾಮಾನ್ಯವಾಗಿ ಎಷ್ಟು ರೂಪಾಯಿ ಅಂತ ಬರೆದಿರುತ್ತದೆ. ಫೋನಿನಲ್ಲಿ "ಕೆವೈಸಿ" ಅನ್ನುತ್ತಿದ್ದಾನೆ, ಮೆಸೇಜಿನಲ್ಲಿ ಹತ್ತೊಂಬತ್ತು ಸಾವಿರ ರೂಪಾಯಿ ಪೇಮೆಂಟ್ ಅಂತ ಇದೆ. ಎರಡೂ ಹೊಂದುವುದಿಲ್ಲ ಅಂತ ಓದಿದ ಕೂಡಲೇ ತಿಳಿಯುತ್ತದೆ. ಆಗ ಅಂಕಿ ಹೇಳದೆ, "ಅಜ್ಜಾ, ಇದು ಹಣ ತೆಗೆಯೋ ಮೆಸೇಜು, ಫೋನ್ ಇಟ್ಟುಬಿಡು" ಅನ್ನಬೇಕು.

"ಗ್ಯಾಸ್ ಸಿಲಿಂಡರ್ ತಂದವರೂ ಕೋಡ್ ಕೇಳ್ತಾರಲ್ಲ?" ಅಂತ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಅಲ್ಲಿ ಸಿಲಿಂಡರ್ ನಮ್ಮ ಬಾಗಿಲಲ್ಲೇ ಇರುತ್ತದೆ, ಮೆಸೇಜಿನಲ್ಲಿ ಡೆಲಿವರಿ ಅಂತ ಇರುತ್ತದೆ. ಸಾಮಾನು ಕಣ್ಣಿಗೆ ಕಂಡ ಮೇಲೆ ಆ ಕೋಡ್ ಹೇಳಬಹುದು. ಬ್ಯಾಂಕಿನ ಒಟಿಪಿಯನ್ನು ಮಾತ್ರ ಎದುರಿಗೆ ನಿಂತವರಿಗೂ ಹೇಳಬಾರದು, ಫೋನಿನಲ್ಲಿ ಇರುವವರಿಗೂ ಹೇಳಬಾರದು.

ನಾವು ಏನು ಮಾಡಬೇಕು?

1) ಫೋನ್ ಇಟ್ಟುಬಿಡಿ. ಅಪರಿಚಿತರ ಫೋನ್ ಇಡುವುದು ಮರ್ಯಾದೆಗೇಡು ಅಲ್ಲ. ಬ್ಯಾಂಕಿನವರೇ ಆಗಿದ್ದರೂ ಅವರಿಗೆ ಬೇಜಾರಾಗುವುದಿಲ್ಲ.
2) ಅನುಮಾನವಿದ್ದರೆ ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನಾವೇ ಫೋನ್ ಮಾಡಬೇಕು. ಅಥವಾ ಬ್ಯಾಂಕಿಗೆ ಹೋಗಿ ಕೇಳಬೇಕು.
3) ನಂಬರ್ ನೋಡಿ ಮರುಳಾಗಬಾರದು. ಬ್ಯಾಂಕುಗಳು ಗ್ರಾಹಕರಿಗೆ ಕರೆ ಮಾಡಲೆಂದೇ 1600ರಿಂದ ಶುರುವಾಗುವ ನಂಬರುಗಳನ್ನು ಸರ್ಕಾರ ಕೊಟ್ಟಿದೆ. ಅದು ಒಳ್ಳೆಯ ಗುರುತು. ಆದರೂ ಪರದೆಯ ಮೇಲೆ ಕಾಣುವ ನಂಬರನ್ನು ಸುಳ್ಳಾಗಿ ತೋರಿಸಲು ಸಾಧ್ಯವಿದೆ. ಆದ್ದರಿಂದ ಯಾವ ನಂಬರಿನಿಂದ ಬಂದರೂ ಪಿನ್, ಸಿವಿವಿ, ಒಟಿಪಿ ಹೇಳಬಾರದು.
4) ಪಿನ್ ನಂಬರನ್ನು ಕಾರ್ಡಿನ ಕವರಿನ ಮೇಲೆ ಬರೆದಿಡಬಾರದು. ಹಾಗೆ ಬರೆದರೆ ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ಜಾತ್ರೆಗೆ ಹೋದಂತೆ.
5) ಬೇಡದ್ದನ್ನು ಬಂದ್ ಮಾಡಿಸಬೇಕು. 2020ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು. ಅದರಂತೆ ಕಾರ್ಡಿನ ಆನ್‌ಲೈನ್ ಬಳಕೆ, ಹೊರದೇಶದ ಬಳಕೆಗಳನ್ನು ಯಜಮಾನರು ತಮಗೆ ಬೇಕಾದಂತೆ ಶುರು ಮಾಡಬಹುದು, ನಿಲ್ಲಿಸಬಹುದು. ಎಟಿಎಂನಲ್ಲಿ ಹಣ ತೆಗೆಯಲು ಮಾತ್ರ ಕಾರ್ಡ್ ಬಳಸುವವರು ಉಳಿದದ್ದನ್ನು ನಿಲ್ಲಿಸಿಡುವುದು ಒಳ್ಳೆಯದು.
6) ಖಾತೆಗೆ ಸೇರಿಸಿದ ಮೊಬೈಲ್ ನಂಬರ್ ಬದಲಾದರೆ ಬ್ಯಾಂಕಿಗೆ ತಿಳಿಸಬೇಕು. ಇಲ್ಲದಿದ್ದರೆ ಹಣ ಹೋದ ಮೆಸೇಜೇ ನಮಗೆ ಬರುವುದಿಲ್ಲ.

ಮೋಸ ಆಗಿಯೇ ಬಿಟ್ಟರೆ?

ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ಇದೆ. ಆದರೆ ಇಲ್ಲಿ ಲೂಟಿಯಾದ ಮೇಲೂ ಬೇಗ ಬಾಗಿಲು ಹಾಕಿದರೆ ಉಪಯೋಗವಿದೆ. ಕಾರಣ, ಕದ್ದ ಹಣ ತಕ್ಷಣ ಕಳ್ಳನ ಕೈಗೆ ನೋಟಾಗಿ ಬರುವುದಿಲ್ಲ. ಅದು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿರುತ್ತದೆ. ದಾರಿಯಲ್ಲೇ ತಡೆದರೆ ಸಿಗಬಹುದು.

ಮೊದಲನೆಯದು, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಬೇಕು. ಎರಡನೆಯದು, ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಇದು ಸೈಬರ್ ಮೋಸಕ್ಕೆ ಇಡೀ ದೇಶಕ್ಕೆ ಇರುವ ಸಹಾಯವಾಣಿ. 2021ರಲ್ಲಿ ಶುರುವಾದಾಗ ಇದರ ನಂಬರ್ 155260 ಇತ್ತು, ಆಮೇಲೆ 1930 ಆಯಿತು. ಹಣ ಹೋದ ತಾರೀಕು, ಹೊತ್ತು, ಎಷ್ಟು ರೂಪಾಯಿ, ಬ್ಯಾಂಕಿನ ಹೆಸರು, ಮೆಸೇಜಿನಲ್ಲಿರುವ ವ್ಯವಹಾರದ ಸಂಖ್ಯೆ ಇವನ್ನು ಹೇಳಬೇಕು. ಕಾರ್ಡಿನಿಂದ ಹೋಗಿದ್ದರೆ ಕಾರ್ಡ್ ನಂಬರನ್ನೂ ಕೇಳಬಹುದು. ಪಿನ್, ಒಟಿಪಿ ಅಲ್ಲಿಯೂ ಬೇಕಾಗಿಲ್ಲ. ಮೆಸೇಜುಗಳನ್ನು ಅಳಿಸಬಾರದು, ಅವು ಸಾಕ್ಷಿ. ಮೂರನೆಯದು, ಪೊಲೀಸ್ ಠಾಣೆಗೆ ದೂರು ಕೊಡಬೇಕು. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು.

ಬೇಗ ಹೇಳುವುದರಿಂದ ಇನ್ನೊಂದು ಲಾಭ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನ ತಪ್ಪೂ ಇಲ್ಲದೆ ಗ್ರಾಹಕರ ತಪ್ಪೂ ಇಲ್ಲದೆ ಹಣ ಹೋದಾಗ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟ ಬೀಳಬಾರದು ಅಂತ ಅದರಲ್ಲಿತ್ತು. ಗುಟ್ಟಿನ ಸಂಖ್ಯೆಯನ್ನು ಗ್ರಾಹಕರೇ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಅಂತಲೂ ಇತ್ತು. ಅಂದರೆ ಒಟಿಪಿ ಹೇಳಿದ ಮೇಲೂ ಬೇಗ ತಿಳಿಸಿದಷ್ಟು ಉಳಿಯುತ್ತದೆ.

ಕಳ್ಳರಿಗೆ ಶಿಕ್ಷೆ ಇಲ್ಲವೇ? ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಕಂಪ್ಯೂಟರ್, ಫೋನ್ ಬಳಸಿ ಬೇರೆಯವರ ಸೋಗಿನಲ್ಲಿ ಮೋಸ ಮಾಡಿದರೆ 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಜಾಮ್‌ತಾಡಾ ಎಂಬ ಊರು

ಈ ವಿಷಯ ಬಂದಾಗ ಜಾರ್ಖಂಡ್ ರಾಜ್ಯದ ಜಾಮ್‌ತಾಡಾ ಜಿಲ್ಲೆಯ ಹೆಸರು ಕೇಳಿಬರುತ್ತದೆ. ಅಲ್ಲಿ ಕೂತು ದೇಶದ ಮೂಲೆಮೂಲೆಗೆ ಫೋನ್ ಮಾಡಿ ಮೋಸ ಮಾಡಿದ ಎಷ್ಟೋ ಯುವಕರನ್ನು ಪೊಲೀಸರು ಹಿಡಿದಿದ್ದಾರೆ. ಆದರೆ ಅದೇ ಜಿಲ್ಲೆಯಲ್ಲಿ ಕರ್ಮಾಟಾಂಡ್ ಎಂಬ ಊರಿದೆ. ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಬಾಳಿನ ಕೊನೆಯ ಕಾಲದ ಹಲವು ವರ್ಷ ಅಲ್ಲೇ ಇದ್ದು, ಬಡವರಿಗೆ ಔಷಧ ಕೊಡುತ್ತಿದ್ದರು. ಅಲ್ಲಿನ ರೈಲು ನಿಲ್ದಾಣಕ್ಕೆ ವಿದ್ಯಾಸಾಗರ ಎಂದೇ ಹೆಸರು. ಕೆಲವರು ಮಾಡಿದ ತಪ್ಪಿಗೆ ಇಡೀ ಊರನ್ನು ಬೈಯಬಾರದು ಅಂತ ಇದರಿಂದ ನಾವು ತಿಳಿಯಬೇಕು. ಈಗ ಇಂಥ ಮೋಸ ಒಂದೇ ಊರಿನಿಂದ ನಡೆಯುವುದೂ ಇಲ್ಲ. ಕನ್ನಡ ಚೆನ್ನಾಗಿ ಮಾತಾಡುವವರೂ ಫೋನ್ ಮಾಡುತ್ತಾರೆ. ಭಾಷೆ ನಮ್ಮದೆಂದು ಮನುಷ್ಯ ನಮ್ಮವನೆಂದು ತಿಳಿಯಬಾರದು.

ಒಂದು ಮುಖ್ಯ ಮಾತು

ಮೋಸ ಹೋದ ದೊಡ್ಡವರನ್ನು ಯಾರೂ ಗದರಿಸಬೇಡಿ, ನಗಬೇಡಿ. ಓದಿದವರು, ದೊಡ್ಡ ಕೆಲಸದಲ್ಲಿ ಇರುವವರೂ ಮೋಸ ಹೋಗುತ್ತಾರೆ. ಮನೆಯವರು ಬೈಯುತ್ತಾರೆ ಅಂತ ಹೆದರಿ ಅಜ್ಜಿ ಎರಡು ದಿನ ಸುಮ್ಮನಿದ್ದರೆ ಆ ಎರಡು ದಿನ ಕಳ್ಳನಿಗೆ ಲಾಭ. ಕೂಲಿ ಮಾಡಿ, ಹಾಲು ಹಾಕಿ, ಪೆನ್ಷನ್ ಉಳಿಸಿ ಕೂಡಿಟ್ಟ ಹಣ ಅದು. ಬೈಗುಳದ ಹೆದರಿಕೆ ಇಲ್ಲದ ಮನೆಯಲ್ಲಿ ಸುದ್ದಿ ಬೇಗ ಹೊರಗೆ ಬರುತ್ತದೆ, 1930ಕ್ಕೆ ಫೋನೂ ಬೇಗ ಹೋಗುತ್ತದೆ.

ಓದಿದವರು ಮಾಡಬೇಕಾದ ಕೆಲಸ

1. ಇವತ್ತು ಮನೆಗೆ ಹೋಗಿ 1930 ಎಂದು ದೊಡ್ಡದಾಗಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ.
2. ಬ್ಯಾಂಕಿನ ಸರಿಯಾದ ನಂಬರನ್ನು ಕಾರ್ಡಿನ ಹಿಂದಿನಿಂದ ನೋಡಿ ಮನೆಯ ಫೋನಿನಲ್ಲಿ ಸೇರಿಸಿ. ಕಾರ್ಡನ್ನು ಮನೆಯವರ ಎದುರಿಗೇ ನೋಡಿ, ಸಿವಿವಿ ಬರೆದುಕೊಳ್ಳಬೇಡಿ.
3. ಹೆದರಿಕೆ, ಅವಸರ, ಒಂಟಿ ಮಾಡುವುದು, ಗುಟ್ಟಿನ ಸಂಖ್ಯೆ ಕೇಳುವುದು ಎಂಬ ನಾಲ್ಕು ಗುರುತುಗಳನ್ನು ಅಜ್ಜ ಅಜ್ಜಿಗೆ ಹೇಳಿಕೊಡಿ. ಮಾರನೆಯ ದಿನ ಅವರಿಂದ ಒಪ್ಪಿಸಿಕೊಳ್ಳಿ.

ಪ್ರಶ್ನೆಗಳು (ಉತ್ತರ ಮೇಲೆಯೇ ಇದೆ)

1. ಆರು ಅಂಕಿಯ ಒಟಿಪಿ ಎಷ್ಟು ರೀತಿ ಇರಬಹುದು?
2. ಹಣ ಪಡೆಯಲು ಪಿನ್ ಬೇಕೇ?
3. 37210845 ಎಂಬ ಸಂಖ್ಯೆ ಲೂನ್ ಲೆಕ್ಕದಂತೆ ಸರಿಯೋ ತಪ್ಪೋ? ಮಾಡಿ ನೋಡಿ.

ನೆನಪಿಡಿ: ಕೇಳುವುದು ಅವನ ಕೆಲಸ, ಹೇಳದೇ ಇರುವುದು ನಮ್ಮ ಕೆಲಸ.

ಏಳನೇ ತರಗತಿ